ಊರ ಮಣ್ಣು, ಊರ ಕೈ: ನಮ್ಮ ಭಾಗದ ಶಾಲೆಗಳು ಎದ್ದು ನಿಂತ ಇತಿಹಾಸ



ನಮ್ಮ ಸಹಕಾರಿ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಸಂತೋಷದ ಸಮಯದಲ್ಲಿ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಆಡಳಿತ ಮಂಡಳಿಯ ಗೆಳೆಯರು ಒತ್ತಾಯ ಮಾಡಿದರು. ಸಾಲ, ವಸೂಲಿ, ಬೀಜ, ಗೊಬ್ಬರದ ಲೆಕ್ಕವನ್ನು ಬೇರೆಯವರು ಬರೆಯುತ್ತಾರೆ. ನಾವು ಒಕ್ಕಲುತನ ಮಾಡುವವರು, ಓದಿದ್ದು ಎಸ್.ಎಸ್.ಎಲ್.ಸಿ.ವರೆಗೆ. ಹೀಗಾಗಿ ನಾವು ನಮ್ಮ ಭಾಗದ ಹಳ್ಳಿ ಶಾಲೆಗಳ ಬಗ್ಗೆ ಬರೆಯೋಣ ಅಂತ ಮನಸ್ಸು ಮಾಡಿದೆವು. ಸಂಘದ ಸಂಚಿಕೆಯಲ್ಲಿ ಶಾಲೆಯ ಮಾತು ಯಾಕೆ ಅಂತ ಕೆಲವರು ಕೇಳಬಹುದು. ಹೆಬ್ಬೆಟ್ಟು ಒತ್ತುವುದನ್ನು ಬಿಟ್ಟು ಸಹಿ ಮಾಡುವುದನ್ನು, ರಶೀದಿ ಓದಿ ನೋಡಿ ಕಿಸೆಯಲ್ಲಿ ಇಡುವುದನ್ನು ನಮಗೆ ಕಲಿಸಿದ್ದು ಶಾಲೆ. ಶಾಲೆ ಇಲ್ಲದ ಊರಲ್ಲಿ ಸಂಘ ಇದ್ದರೂ ಅದು ನಾಲ್ಕು ಜನ ಓದಿದವರ ಸಂಘವೇ ಆಗುತ್ತದೆ.

ಗುಡಿಯ ಕಟ್ಟೆ, ಮಠದ ಪಡಸಾಲೆ

ಸರಕಾರದ ಶಾಲೆಗಳು ಬರುವ ಮೊದಲು ನಮ್ಮ ಕಡೆ ಅಕ್ಷರ ಕಲಿಯುವ ಜಾಗ ಎಂದರೆ ಗುಡಿಯ ಕಟ್ಟೆ, ಮಠದ ಪಡಸಾಲೆ, ಇಲ್ಲವೆ ಉಳ್ಳವರ ಮನೆಯ ಕಟ್ಟೆ. ಇವುಗಳಿಗೆ ಕೂಲಿಮಠ, ಗಾಂವಠಿ ಶಾಲೆ ಎಂದೆಲ್ಲ ಹೆಸರಿತ್ತು. ಕಲಿಸುವ ಅಯ್ಯನವರಿಗೆ ಸಂಬಳ ಇರಲಿಲ್ಲ. ಸುಗ್ಗಿಯಲ್ಲಿ ಕಾಳು, ಹಬ್ಬದಲ್ಲಿ ದಕ್ಷಿಣೆ, ದಿನಕ್ಕೆ ಒಂದು ಮನೆಯ ಊಟ. ನೆಲದ ಮೇಲೆ ಮರಳು ಹರವಿ ಬೆರಳಿನಿಂದ ಅಕ್ಷರ ತಿದ್ದಿಸುತ್ತಿದ್ದರು. ಮಗ್ಗಿ, ಲೆಕ್ಕ, ಕಾಗದ ಪತ್ರ ಓದುವಷ್ಟು ಕಲಿತರೆ ಓದು ಮುಗಿಯಿತು. ಅಲ್ಲಿಗೆ ಎಲ್ಲ ಮಕ್ಕಳೂ ಬರುತ್ತಿರಲಿಲ್ಲ. ಹೆಣ್ಣುಮಕ್ಕಳು ಬಹುತೇಕ ಇಲ್ಲ. ದನ ಕಾಯುವ ಹುಡುಗರೂ ಇಲ್ಲ. ಕೆಲವು ಕೇರಿಯ ಮಕ್ಕಳಿಗಂತೂ ಆ ಕಟ್ಟೆ ಹತ್ತುವ ಅಪ್ಪಣೆಯೇ ಇರಲಿಲ್ಲ.

ಇನ್ನೊಂದು ಕಷ್ಟ ಭಾಷೆಯದು. ನಮ್ಮ ಧಾರವಾಡ ಸೀಮೆ ಮುಂಬಯಿ ಇಲಾಖೆಗೆ ಸೇರಿತ್ತು. ಕಚೇರಿಯಲ್ಲಿ ಮರಾಠಿ ನಡೆಯುತ್ತಿದ್ದ ಕಾರಣ ಶಾಲೆಯಲ್ಲೂ ಮರಾಠಿಯದೇ ಜೋರು. ಮನೆಯಲ್ಲಿ ಕನ್ನಡ ಆಡುವ ಮಗು ಶಾಲೆಯಲ್ಲಿ ಬೇರೆ ನುಡಿ ಕಲಿಯಬೇಕಿತ್ತು. ಇದನ್ನು ಬದಲಾಯಿಸಲು ದುಡಿದವರಲ್ಲಿ ಡೆಪ್ಯುಟಿ ಚನ್ನಬಸಪ್ಪನವರು (1834–1881) ಮುಖ್ಯರು. ಶಿಕ್ಷಣ ಖಾತೆಯ ಅಧಿಕಾರಿಯಾಗಿ ಅವರು ಊರೂರು ತಿರುಗಿ, ಊರ ಹಿರಿಯರನ್ನು ಒಪ್ಪಿಸಿ ಕನ್ನಡ ಶಾಲೆಗಳನ್ನು ತೆರೆಸಿದರು. ಇವತ್ತು ನಮ್ಮ ಮಕ್ಕಳು ಕನ್ನಡದಲ್ಲಿ ಅ ಆ ಇ ಈ ಬರೆಯುತ್ತಾರಲ್ಲ, ಅದಕ್ಕೆ ಆ ಪುಣ್ಯಾತ್ಮರ ಋಣ ಇದೆ.

ರೂಪಾಯಿಗೆ ಒಂದಾಣೆ

ಆ ಶಾಲೆಗಳನ್ನೆಲ್ಲ ಬ್ರಿಟಿಷ್ ಸರಕಾರ ತನ್ನ ಕೈಯಿಂದ ನಡೆಸಿತು ಎಂದು ನಾವು ತಿಳಿದಿರುತ್ತೇವೆ. ಅದು ಅರ್ಧ ಸತ್ಯ. 1860ರ ದಶಕದಲ್ಲಿ ಮುಂಬಯಿ ಇಲಾಖೆಯ ರೈತರ ಮೇಲೆ ಭೂಕಂದಾಯದ ಜೊತೆಗೆ ರೂಪಾಯಿಗೆ ಒಂದು ಆಣೆಯಂತೆ ಇನ್ನೊಂದು ಪಟ್ಟಿ ಬಿತ್ತು. 1869ರಲ್ಲಿ ಅದಕ್ಕೆ ಕಾಯ್ದೆಯೂ ಆಯಿತು. ಅದರಲ್ಲಿ ಮೂರರಲ್ಲಿ ಎರಡು ಪಾಲು ರಸ್ತೆ ಮುಂತಾದ ಕೆಲಸಕ್ಕೆ, ಒಂದು ಪಾಲು ಶಾಲೆಗೆ. ಆಗ ಆಣೆಗೆ ಹನ್ನೆರಡು ಪೈ. ಅಂದರೆ ಒಂದು ರೂಪಾಯಿ ಕಂದಾಯ ಕಟ್ಟಿದ ರೈತ ಅದರ ಮೇಲೆ ನಾಲ್ಕು ಪೈ ಶಾಲೆಗೆ ಕೊಟ್ಟಂತಾಯಿತು. ತನ್ನ ಮಗ ಶಾಲೆಗೆ ಹೋಗಲಿ ಬಿಡಲಿ, ಊರಲ್ಲಿ ಶಾಲೆ ಇರಲಿ ಇಲ್ಲದಿರಲಿ, ರೈತ ಕೊಟ್ಟ. ಈ ದುಡ್ಡಿನಿಂದ ಮಾಸ್ತರರ ಸಂಬಳ ನಡೆಯಿತು. ಆದರೆ ಊರೂರಿಗೆ ಕಟ್ಟಡ ಕಟ್ಟಿಸುವಷ್ಟು ಅದು ಸಾಲುತ್ತಿರಲಿಲ್ಲ. ಆದ್ದರಿಂದ ಬಹಳ ಊರುಗಳಲ್ಲಿ ಶಾಲೆ ಚಾವಡಿಯಲ್ಲೋ ಗುಡಿಯಲ್ಲೋ ನಡೆಯುತ್ತಿತ್ತು. ಸ್ವಂತ ಮನೆ ಬೇಕೆಂದರೆ ಊರವರೇ ಸೊಂಟ ಕಟ್ಟಿ ನಿಲ್ಲಬೇಕಾಗುತ್ತಿತ್ತು.

ಮಣ್ಣಿನ ಶಾಲೆ ಹೇಗೆ ಏಳುತ್ತಿತ್ತು

ಹಳೆಯ ಕಾಲದಲ್ಲಿ ನಮ್ಮ ಕಡೆ ಮನೆ ಹೇಗೋ ಶಾಲೆಯೂ ಹಾಗೆಯೇ. ಹೊರಗಿನಿಂದ ತರುವ ಸಾಮಾನು ಕಡಿಮೆ. ಈ ಕೆಲಸದ ಕ್ರಮ ಈಗಿನ ಹುಡುಗರಿಗೆ ಗೊತ್ತಿಲ್ಲವಾದ್ದರಿಂದ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತೇವೆ.

ಕೆಲಸಕ್ಕೆ ಕಾಲ ಎಂದರೆ ಸುಗ್ಗಿ ಮುಗಿದು ಯುಗಾದಿ ಆದ ಮೇಲೆ, ರೋಹಿಣಿ ಮಳೆ ಬರುವುದರೊಳಗೆ. ಆಗ ಎತ್ತು ಖಾಲಿ, ಆಳು ಖಾಲಿ. ಮೊದಲು ಚಕ್ಕಡಿ ಇದ್ದವರು ಗುಡ್ಡದ ಕಲ್ಲು ಹೇರಿಕೊಂಡು ಬರುತ್ತಿದ್ದರು. ಕಲ್ಲಿನಿಂದ ಪಾಯಾ ತುಂಬಿ, ಮಳೆ ನೀರು ಸಿಡಿಯುವ ಎತ್ತರದ ತನಕ ಕಲ್ಲಿನ ಕಟ್ಟಡವೇ ಏಳಬೇಕು. ಅದರ ಮೇಲೆ ಮಣ್ಣು. ಮಣ್ಣಿಗೆ ನೀರು ಹಾಕಿ, ಹುಲ್ಲು ಸೇರಿಸಿ, ಕೆಲವು ದಿನ ಕೊಳೆಯಲು ಬಿಟ್ಟು, ಆಮೇಲೆ ಕಾಲಿನಿಂದ ಚೆನ್ನಾಗಿ ತುಳಿಯಬೇಕು. ತುಳಿದಷ್ಟು ಗೋಡೆ ಗಟ್ಟಿ. ಕೆಲವರು ಅದನ್ನೇ ಮುದ್ದೆ ಮುದ್ದೆಯಾಗಿ ಇಟ್ಟು ಗೋಡೆ ಏರಿಸುತ್ತಿದ್ದರು, ಕೆಲವರು ಅಚ್ಚಿಗೆ ಹಾಕಿ ಹಸಿ ಇಟ್ಟಂಗಿ ಕೊಯ್ದು ಬಿಸಿಲಿಗೆ ಒಣಗಿಸುತ್ತಿದ್ದರು. ಗೋಡೆಯನ್ನು ಒಂದೇ ದಿನ ಏರಿಸುವಂತಿಲ್ಲ. ಕೆಳಗಿನ ವರಸೆ ಒಣಗಿದ ಮೇಲೆ ಮೇಲಿನದು. ಗಡಿಬಿಡಿ ಮಾಡಿದರೆ ಹೊಟ್ಟೆ ಬಿಡುತ್ತಿತ್ತು.

ಕಂಬ, ತೊಲೆ, ಜಂತಿಗೆ ಬೇವು, ಜಾಲಿ ಮುಂತಾದ ಹೊಲದ ಬದುವಿನ ಗಿಡಗಳು. ಒಬ್ಬರು ಒಂದು ತೊಲೆ ಕೊಟ್ಟರೆ ಇನ್ನೊಬ್ಬರು ಎರಡು ಜಂತಿ ಕೊಡುತ್ತಿದ್ದರು. ಜಂತಿಯ ಮೇಲೆ ಕಟ್ಟಿಗೆಯ ಸೀಳು, ಅದರ ಮೇಲೆ ಸೊಪ್ಪು ಹಾಸಿ, ಮಣ್ಣು ಹಾಕಿ ಬಡಿದು, ಎಲ್ಲಕ್ಕಿಂತ ಮೇಲೆ ನೀರು ಇಳಿಯಗೊಡದ ಸವಳು ಮಣ್ಣು. ಬೆಳಕಿಗೆ ಒಂದೆರಡು ಬೆಳಕಿಂಡಿ. ನೆಲಕ್ಕೆ ಸಗಣಿ ಸಾರಣಿ, ಗೋಡೆಗೆ ಸುಣ್ಣ. ಆಯಿತು ಶಾಲೆ.

ಇದರಲ್ಲಿ ಕೂಲಿ ಕೊಟ್ಟು ಮಾಡಿಸುವ ಕೆಲಸ ಗೌಂಡಿಯದು, ಬಡಿಗನದು, ಬಾಗಿಲ ಚಿಲಕ ಮಾಡುವ ಕಮ್ಮಾರನದು ಮಾತ್ರ. ಅವರಿಗೂ ಬಹಳ ಸಲ ಕಾಳಿನಲ್ಲೇ ಕೂಲಿ. ಉಳಿದದ್ದೆಲ್ಲ ಮನೆತನಗಳ ಕೆಲಸ. ಒಕ್ಕಲುತನದಲ್ಲಿ ಮುಯ್ಯಾಳು ಪದ್ಧತಿ ಇದೆಯಲ್ಲ, ಇವತ್ತು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು, ಅದೇ ಲೆಕ್ಕ ಇಲ್ಲಿಗೂ ಬರುತ್ತಿತ್ತು. ಗಂಡಸರು ಕಲ್ಲು, ಮಣ್ಣು, ತೊಲೆ ನೋಡಿದರೆ ಹೆಣ್ಣುಮಕ್ಕಳು ಕೆರೆಯಿಂದ ನೀರು ಹೊರುವುದು, ಬುಟ್ಟಿಯಲ್ಲಿ ಮಣ್ಣು ಕೊಡುವುದು, ಸಾರಿಸುವುದು. ರೊಟ್ಟಿ, ಪುಂಡಿಪಲ್ಯ, ಮಜ್ಜಿಗೆಯ ಬುತ್ತಿ ಮನೆಮನೆಯಿಂದ ಬರುತ್ತಿತ್ತು. ಮಕ್ಕಳು ಹಸಿ ಇಟ್ಟಂಗಿ ಮಗುಚಿ ಹಾಕುತ್ತಿದ್ದರು. ಹತ್ತು ಮಂದಿಯ ಹುಲ್ಲುಕಡ್ಡಿ ಒಬ್ಬನ ತಲೆಹೊರೆ ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ.

ಈಗ ಮುಖ್ಯ ಮಾತಿಗೆ ಬರುತ್ತೇವೆ. ಮಣ್ಣಿನ ಮಾಳಿಗೆ ಒಂದು ಸಲ ಕಟ್ಟಿ ಬಿಡುವಂಥದಲ್ಲ. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಮೇಲೆ ಹತ್ತಿ ಹೊಸ ಮಣ್ಣು ಹಾಕಬೇಕು, ಬೆಳೆದ ಹುಲ್ಲು ಕೀಳಬೇಕು, ನೀರು ಹೋಗುವ ದೋಣಿ ಸರಿ ಮಾಡಬೇಕು, ಇಲಿ ತೋಡಿದ ಬಿಲ ಮುಚ್ಚಬೇಕು. ಒಂದು ವರ್ಷ ಬಿಟ್ಟರೆ ಸೋರುತ್ತದೆ, ಎರಡು ವರ್ಷ ಬಿಟ್ಟರೆ ಜಂತಿ ಕೊಳೆಯುತ್ತದೆ, ಮೂರನೆಯ ವರ್ಷ ಬಿದ್ದರೂ ಬಿತ್ತು. ಆದ್ದರಿಂದ ವರ್ಷಕ್ಕೊಂದು ಸಲವಾದರೂ ಊರವರು ಶಾಲೆಗೆ ಬರಲೇಬೇಕಿತ್ತು. ಬಂದವರು ಮಾಸ್ತರರನ್ನು ಮಾತಾಡಿಸುತ್ತಿದ್ದರು. ಯಾರ ಹುಡುಗ ಬರುತ್ತಾನೆ, ಯಾರ ಹುಡುಗ ತಪ್ಪಿಸುತ್ತಾನೆ ಅಂತ ತಿಳಿಯುತ್ತಿತ್ತು. ಶಾಲೆ ಕಟ್ಟುವುದು ಒಂದು ವರ್ಷದ ಕೆಲಸ, ಕಾಯುವುದು ಪ್ರತಿ ವರ್ಷದ ಕೆಲಸ. ನಮ್ಮ ಹಿರಿಯರಿಗೆ ಈ ಎರಡನೆಯದನ್ನು ಕಲಿಸಿದ್ದು ಆ ಮಣ್ಣೇ.

ಮುಂದೆ ಹಂಚು ಬಂತು. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ್ದರು. 1880ರ ದಶಕದಲ್ಲಿ ನಮ್ಮ ರಾಣೇಬೆನ್ನೂರು, ಹಾವೇರಿ ಮಾರ್ಗವಾಗಿ ರೈಲು ಹಾಯ್ದ ಮೇಲೆ ದೂರದ ಸಾಮಾನು ತರಿಸುವುದು ಸುಲಭವಾಯಿತು. ಹಂಚಿನ ಮಾಡಿಗೆ ವರ್ಷಾ ಮಣ್ಣು ಬೇಡ. ಆದರೆ ಮಂಗ ಹಾಯ್ದು ಒಡೆದ ಹಂಚು ಬದಲಿಸಲು ಯಾರಾದರೂ ಏರಬೇಕಲ್ಲ! ಕಾಯುವ ಕೆಲಸ ಕಡಿಮೆಯಾಯಿತೇ ಹೊರತು ತಪ್ಪಲಿಲ್ಲ.

ಹಿಡಿ ಜೋಳದ ಶಕ್ತಿ

ಗೋಡೆ ಎದ್ದರೆ ಸಾಲದು, ಪರಊರಿನಿಂದ ಕಲಿಯಲು ಬಂದ ಮಕ್ಕಳಿಗೆ ಕೂಳೂ ಬೇಕು. ಇಲ್ಲಿ ನಮ್ಮ ತಾಲ್ಲೂಕಿನವರೇ ಆದ ಒಬ್ಬ ಮಹಾನುಭಾವರನ್ನು ನೆನೆಯಬೇಕು. ಹಾನಗಲ್ಲ ಕುಮಾರ ಸ್ವಾಮಿಗಳು (1867–1930) ಹುಟ್ಟಿದ್ದು ರಾಣೇಬೆನ್ನೂರು ತಾಲ್ಲೂಕಿನ ಜೋಯಿಸರ ಹರಳಹಳ್ಳಿಯಲ್ಲಿ, ಬಡ ಮನೆಯಲ್ಲಿ. ಸನ್ಯಾಸಕ್ಕೆ ಮುಂಚೆ ತಾಯಿಯ ತವರಾದ ಲಿಂಗದಹಳ್ಳಿಯಲ್ಲಿ ಮಕ್ಕಳಿಗೆ ಅಕ್ಷರ ಕಲಿಸಿದವರು. ಮುಂದೆ 1909ರಲ್ಲಿ ಬಾದಾಮಿ ಹತ್ತಿರ ಮಲಪ್ರಭೆಯ ದಂಡೆಯಲ್ಲಿ ಶಿವಯೋಗ ಮಂದಿರ ಸ್ಥಾಪಿಸಿದರು. ಅದಕ್ಕೆ ರಾಜರ ಖಜಾನೆ ಇರಲಿಲ್ಲ. ಭಕ್ತರ ಜೋಳಿಗೆಯ ಕಾಳು, ಕೈಲಾದ ಸೇವೆ, ಇವುಗಳಿಂದಲೇ ನಡೆಯಿತು. ಅವರು ಗುರುತಿಸಿ ಬೆಳೆಸಿದ ಕಣ್ಣಿಲ್ಲದ ಬಾಲಕರೇ ಮುಂದೆ ಗಾನಯೋಗಿ ಪಂಚಾಕ್ಷರಿ ಗವಾಯಿಗಳಾದರು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಸಾವಿರಾರು ಅಂಧ ಮಕ್ಕಳು, ಬಡ ಮಕ್ಕಳು ಉಂಡು ಸಂಗೀತ ಕಲಿತರು. ಅಲ್ಲಿಯೂ ಜನ ತಂದುಕೊಟ್ಟ ಕಾಳೇ ಆಧಾರ.

ನಮ್ಮ ಪಕ್ಕದ ಮಹಾರಾಷ್ಟ್ರದ ಸಾತಾರಾ ಜಿಲ್ಲೆಯಲ್ಲಿ ಕರ್ಮವೀರ ಭಾವೂರಾವ್ ಪಾಟೀಲರು 1919ರಲ್ಲಿ ರಯತ ಶಿಕ್ಷಣ ಸಂಸ್ಥೆ ಕಟ್ಟಿದರು. ರಯತ ಎಂದರೆ ರೈತ. ಎಲ್ಲ ಜಾತಿಯ ಹುಡುಗರು ಒಂದೇ ವಸತಿಯಲ್ಲಿ ಇದ್ದು, ದುಡಿದು, ಉಂಡು, ಕಲಿಯಬೇಕೆಂಬುದು ಅವರ ಹಟ. ಮಕ್ಕಳಿಗೆ ಕಾಳು ಇಲ್ಲದಾದಾಗ ಅವರ ಮನೆಯವರಾದ ಲಕ್ಷ್ಮೀಬಾಯಿಯವರು ಮೈಮೇಲಿನ ಬಂಗಾರವನ್ನೇ ಕೊಟ್ಟರು. ಮನೆತನದ ನೆರವು ಎಂದರೆ ಇದು.

ಹೊರಗೆ ಕೂತ ಮಕ್ಕಳು

ಇಷ್ಟು ಹೊಗಳಿ ನಿಲ್ಲಿಸಿದರೆ ಇತಿಹಾಸ ಪೂರ್ತಿ ಆಗುವುದಿಲ್ಲ. ಕಹಿ ಇದ್ದದ್ದನ್ನೂ ಬರೆಯಬೇಕು. 1856ರಲ್ಲಿ ಧಾರವಾಡದ ಸರಕಾರಿ ಶಾಲೆಗೆ ಮಹಾರ ಜಾತಿಯ ಒಬ್ಬ ಹುಡುಗ ತನ್ನನ್ನು ಸೇರಿಸಿಕೊಳ್ಳಿ ಅಂತ ಅರ್ಜಿ ಹಾಕಿದ. ಸೇರಿಸಿಕೊಳ್ಳಲಿಲ್ಲ. ಹುಡುಗ ಸುಮ್ಮನೆ ಕೂಡದೆ ಮುಂಬಯಿ ಸರಕಾರದವರೆಗೆ ದೂರು ಒಯ್ದ. ಒಬ್ಬನ ಸಲುವಾಗಿ ಉಳಿದವರನ್ನು ಎದುರು ಹಾಕಿಕೊಳ್ಳಲು ಆಗುವುದಿಲ್ಲ ಎಂಬಂಥ ಉತ್ತರ ಬಂತು. ಆ ಮಾತು ಇಂಗ್ಲೆಂಡಿನ ತನಕ ಚರ್ಚೆಯಾಯಿತು. ಕೊನೆಗೆ 1858ರಲ್ಲಿ, ಪೂರ್ತಿ ಸರಕಾರದ ಖರ್ಚಿನಲ್ಲಿ ನಡೆಯುವ ಶಾಲೆಗಳು ಎಲ್ಲ ವರ್ಗದವರಿಗೂ ತೆರೆದಿರಬೇಕು ಎಂದು ಗೊತ್ತುಪಡಿಸಿದರು. ಡಾ. ಅಂಬೇಡ್ಕರರು ತಮ್ಮ ಬರಹದಲ್ಲಿ ಈ ಧಾರವಾಡದ ಪ್ರಕರಣವನ್ನು ಎತ್ತಿ ಹೇಳಿದ್ದಾರೆ.

ಕಾಗದದ ಮೇಲೆ ನಿಯಮ ಬಂದರೂ ಊರಲ್ಲಿ ಅದು ಇಳಿಯಲು ಬಹಳ ಕಾಲ ಹಿಡಿಯಿತು. ಮಣ್ಣು ಅಗೆಯಲು, ಕಲ್ಲು ಹೊರಲು ಎಲ್ಲ ಕೇರಿಯ ಕೈಗಳೂ ಬೇಕಾಗಿದ್ದವು. ಗೋಡೆ ಎದ್ದ ಮೇಲೆ ಕೆಲವರ ಮಕ್ಕಳು ಒಳಗೆ, ಕೆಲವರ ಮಕ್ಕಳು ಹೊರಗಿನ ಕಟ್ಟೆಯ ಮೇಲೆ. ಇದು ನಮ್ಮ ನಾಡಿನ ತುಂಬ ನಡೆದ ಅನ್ಯಾಯ. ಊರ ಶಾಲೆ ಎನ್ನುವಾಗ ಊರು ಎಂದರೆ ಯಾರು ಅಂತ ಮೊದಲು ಕೇಳಿಕೊಳ್ಳಬೇಕು. ಸಹಕಾರಿ ಸಂಘದಲ್ಲಿ ಶೇರು ಹೆಚ್ಚಿರಲಿ ಕಡಿಮೆ ಇರಲಿ, ಒಬ್ಬರಿಗೆ ಒಂದೇ ಮತ. ಅದೇ ನಿಯಮ ಶಾಲೆಗೂ ಇರಬೇಕು. ಒಂದು ಬುಟ್ಟಿ ಮಣ್ಣು ಕೊಟ್ಟವರ ಮಗುವಿಗೂ, ತೊಲೆ ಕೊಟ್ಟವರ ಮಗುವಿಗೂ, ಏನೂ ಕೊಡಲಾರದವರ ಮಗುವಿಗೂ ಒಂದೇ ಸಾಲಿನಲ್ಲಿ ಜಾಗ.

ದೂರ ದೇಶದಲ್ಲೂ ಇದೇ ಕಥೆ

ಇಂಥ ಕಥೆ ನಮ್ಮ ನಾಡಿನದು ಮಾತ್ರವಲ್ಲ. ಅಮೆರಿಕದ ದಕ್ಷಿಣ ಭಾಗದಲ್ಲಿ ಗುಲಾಮಗಿರಿಯಿಂದ ಬಿಡುಗಡೆಯಾದ ಕರಿಯ ಜನಾಂಗದವರ ಮಕ್ಕಳಿಗೆ ಒಳ್ಳೆಯ ಶಾಲೆಗಳೇ ಇರಲಿಲ್ಲ. 1881ರಲ್ಲಿ ಟಸ್ಕೆಗೀ ಎಂಬ ಊರಲ್ಲಿ ಶಾಲೆ ಆರಂಭಿಸಿದ ಬೂಕರ್ ಟಿ. ವಾಷಿಂಗ್ಟನ್ ಅವರು ವಿದ್ಯಾರ್ಥಿಗಳಿಂದಲೇ ಇಟ್ಟಂಗಿ ಮಾಡಿಸಿ ಕಟ್ಟಡ ಎಬ್ಬಿಸಿದರು. ಮೂರು ಸಲ ಭಟ್ಟಿ ಕೆಟ್ಟು, ನಾಲ್ಕನೆಯ ಸಲ ಇಟ್ಟಂಗಿ ಸರಿಯಾಗಿ ಬೆಂದವಂತೆ. ಮುಂದೆ ರೋಸೆನ್‌ವಾಲ್ಡ್ ಎಂಬ ವ್ಯಾಪಾರಸ್ಥರು ಒಂದು ಕರಾರಿನ ಮೇಲೆ ಧನಸಹಾಯ ಕೊಡತೊಡಗಿದರು: ಊರವರೂ ತಮ್ಮ ಪಾಲು ಹಾಕಬೇಕು, ದುಡ್ಡು ಇಲ್ಲದಿದ್ದರೆ ಜಾಗ, ಕಟ್ಟಿಗೆ, ಮೈಕೆಲಸ. 1932ರ ಹೊತ್ತಿಗೆ ಹೀಗೆ ಸುಮಾರು 5,000 ಶಾಲೆಗಳು ಎದ್ದವು. ಲೆಕ್ಕ ಮಾಡಿದಾಗ ಆ ಬಡ ಕುಟುಂಬಗಳು ಕೂಡಿಸಿದ ಪಾಲು ಶ್ರೀಮಂತರ ನಿಧಿಯ ಪಾಲಿಗಿಂತ ಹೆಚ್ಚಾಗಿತ್ತು! ಅವರು ಸರಕಾರಕ್ಕೆ ತೆರಿಗೆ ಕಟ್ಟಿ, ಮೇಲೆ ತಮ್ಮ ಶಾಲೆಯನ್ನೂ ತಾವೇ ಕಟ್ಟಿಕೊಂಡವರು. ಒಂದಾಣೆ ಪಟ್ಟಿ ಕಟ್ಟಿ ಮೇಲೆ ಕಲ್ಲು ಹೇರಿದ ನಮ್ಮ ಹಿರಿಯರ ಕಷ್ಟವೂ ಅದೇ ಜಾತಿಯದು.

ಸರಕಾರದ ಕೊಠಡಿ ಬಂತು

ಸ್ವಾತಂತ್ರ್ಯ ಬಂದ ಮೇಲೆ, 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ ಶುರುವಾಯಿತು. ಆಗ ಶ್ರಮದಾನ ಎಂಬ ಮಾತು ಊರೂರಲ್ಲಿ ಕೇಳಿಬಂತು. ಸರಕಾರ ಒಂದು ಪಾಲು, ಊರು ಒಂದು ಪಾಲು ಹಾಕಿ ರಸ್ತೆ, ಬಾವಿ, ಶಾಲೆ ಮಾಡಿಕೊಂಡವು. 1956ರಲ್ಲಿ ನಾವು ಮುಂಬಯಿ ಬಿಟ್ಟು ಕನ್ನಡ ನಾಡಿಗೆ ಸೇರಿದೆವು. 1987ರಲ್ಲಿ ಆಪರೇಷನ್ ಬ್ಲ್ಯಾಕ್‌ಬೋರ್ಡ್ ಎಂಬ ಯೋಜನೆ ಬಂದು, ಪ್ರತಿ ಪ್ರಾಥಮಿಕ ಶಾಲೆಗೆ ಕನಿಷ್ಠ ಎರಡು ಗಟ್ಟಿ ಕೊಠಡಿ, ಇಬ್ಬರು ಶಿಕ್ಷಕರು ಇರಬೇಕೆಂದು ಗೊತ್ತುಮಾಡಿತು. 1997ರಲ್ಲಿ ಹಾವೇರಿ ಜಿಲ್ಲೆಯಾಯಿತು. 2001ರ ನಂತರ ಸರ್ವ ಶಿಕ್ಷಣ ಅಭಿಯಾನದಲ್ಲಿ ಇನ್ನಷ್ಟು ಕೊಠಡಿ, 2003ರ ಹೊತ್ತಿಗೆ ಅಕ್ಷರ ದಾಸೋಹದ ಬಿಸಿಯೂಟ.

ಇದೆಲ್ಲ ಒಳ್ಳೆಯದೇ. ಶಾಲೆ ಕೊಡುವುದು ಸರಕಾರದ ಕರ್ತವ್ಯ. ರೈತ ಎರಡೆರಡು ಸಲ ಕೊಡಬೇಕಾದ ಕಾಲ ಮತ್ತೆ ಬರಬಾರದು. ಆದರೆ ಗುತ್ತಿಗೆದಾರರ ಲಾರಿ ಬಂದು ಸ್ಲ್ಯಾಬ್ ಹಾಕಿ ಹೋದ ಮೇಲೆ ಒಂದು ಸಂಗತಿ ನಮಗರಿವಿಲ್ಲದೆ ತಪ್ಪಿಹೋಯಿತು. ಮಾಳಿಗೆ ಹತ್ತುವ ಕೆಲಸ ನಿಂತಿತು, ಅದರ ಜೊತೆಗೆ ಶಾಲೆಗೆ ಹೋಗುವ ರೂಢಿಯೂ ನಿಂತಿತು. ಸ್ಲ್ಯಾಬಿಗೆ ಏನೂ ಆಗುವುದಿಲ್ಲ ಎಂದು ತಿಳಿದೆವು. ಮೇಲೆ ಎಲೆ ಬಿದ್ದು ನೀರಿನ ಕೊಳವೆ ಕಟ್ಟಿದರೆ ಸ್ಲ್ಯಾಬೂ ಸೋರುತ್ತದೆ, ಒಳಗಿನ ಕಬ್ಬಿಣ ತುಕ್ಕು ಹಿಡಿಯುತ್ತದೆ. 2019ರ ಆಗಸ್ಟಿನ ಮಳೆಯಲ್ಲಿ ವರದೆ, ತುಂಗಭದ್ರೆ ತುಂಬಿ ಹರಿದಾಗ ನಮ್ಮ ಜಿಲ್ಲೆಯಲ್ಲಿ ಮಣ್ಣಿನ ಮನೆಗಳ ಜೊತೆಗೆ ಶಾಲೆಯ ಕೊಠಡಿಗಳೂ ಹಾಳಾದವು. ಮಣ್ಣೇ ಒಳ್ಳೆಯದು, ಸಿಮೆಂಟೇ ಕೆಟ್ಟದ್ದು ಎಂದು ನಾವು ಹೇಳುತ್ತಿಲ್ಲ. ಕಾಯುವವರಿಲ್ಲದಿದ್ದರೆ ಯಾವುದೂ ಉಳಿಯುವುದಿಲ್ಲ ಎಂದು ಹೇಳುತ್ತಿದ್ದೇವೆ.

ಮಣ್ಣಿನ ಕೆಲಸದಲ್ಲೂ ಹೊಸ ವಿದ್ಯೆ ಬಂದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ವಿಭಾಗದವರು ಊರ ಮಣ್ಣಿಗೆ ಸ್ವಲ್ಪ ಸಿಮೆಂಟ್ ಸೇರಿಸಿ, ಕೈಯಂತ್ರದಲ್ಲಿ ಒತ್ತಿ, ಸುಡದೆ ಗಟ್ಟಿ ಇಟ್ಟಂಗಿ ಮಾಡುವ ಕ್ರಮ ಬೆಳೆಸಿದರು. ಕಟ್ಟಿಗೆ ಸುಡುವುದು ಉಳಿಯುತ್ತದೆ, ಇಟ್ಟಂಗಿ ಮಳೆಗೂ ತಡೆಯುತ್ತದೆ. ಶಾಲೆಯ ಕೊಠಡಿಗೆ ಎಂಜಿನಿಯರರ ನಕ್ಷೆ, ಪರವಾನಗಿ ಬೇಕೇ ಬೇಕು. ಮಕ್ಕಳ ತಲೆಯ ಮೇಲಿನ ಮಾಡಿನ ವಿಷಯದಲ್ಲಿ ಯಾರೂ ಚೌಕಾಸಿ ಮಾಡಬಾರದು. ಆದರೆ ಆವಾರದ ಗೋಡೆ, ಗಿಡದ ಕಟ್ಟೆ, ಊಟಕ್ಕೆ ಕೂಡುವ ಕಟ್ಟೆ, ಇಂಥವನ್ನು ಮುಖ್ಯಗುರುಗಳ ಒಪ್ಪಿಗೆ ಪಡೆದು ನಮ್ಮ ಕೈಯಿಂದಲೇ ಮಾಡಬಹುದು.

ಇನ್ನು ಮುಂದೆ ನಮ್ಮ ಪಾಲು

ಕಾನೂನು ಕೂಡ ಈಗ ನಮ್ಮ ಕೈಗೆ ಅಧಿಕಾರ ಕೊಟ್ಟಿದೆ. 2001ರಿಂದ ನಮ್ಮ ರಾಜ್ಯದ ಸರಕಾರಿ ಶಾಲೆಗಳಲ್ಲಿ ಎಸ್.ಡಿ.ಎಂ.ಸಿ. ಇದೆ. 2010ರಲ್ಲಿ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯು ಶಾಲಾ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ತಂದೆತಾಯಂದಿರೇ ಇರಬೇಕು, ಅರ್ಧದಷ್ಟು ಹೆಣ್ಣುಮಕ್ಕಳು ಇರಬೇಕು ಎನ್ನುತ್ತದೆ. ಇಷ್ಟಿದ್ದರೂ ಸಭೆಗೆ ಬರುವವರು ಎಷ್ಟು ಮಂದಿ ಅಂತ ನಾವೆಲ್ಲ ನಮ್ಮನ್ನೇ ಕೇಳಿಕೊಳ್ಳಬೇಕು. ಮಕ್ಕಳನ್ನು ವ್ಯಾನಿನಲ್ಲಿ ಪಟ್ಟಣದ ಇಂಗ್ಲಿಷ್ ಶಾಲೆಗೆ ಕಳಿಸುವವರನ್ನು ನಾವು ಬೈಯುವುದಿಲ್ಲ, ಪ್ರತಿ ತಂದೆತಾಯಿಗೂ ಮಗುವಿನ ಚಿಂತೆ ಇರುತ್ತದೆ. ಆದರೆ ಮಕ್ಕಳು ಕಡಿಮೆಯಾದಂತೆ ಊರ ಶಾಲೆಗೆ ಶಿಕ್ಷಕರೂ ಕಡಿಮೆಯಾಗುತ್ತಾರೆ, ಕೊನೆಗೆ ಬೀಗ ಬೀಳುತ್ತದೆ. ಬೀಗ ಬಿದ್ದರೆ ವ್ಯಾನಿನ ದುಡ್ಡು ಕೊಡಲಾರದವರ ಮಗು ಎಲ್ಲಿಗೆ ಹೋಗಬೇಕು? ಹಿಂದೆ ಹೊರಗಿನ ಕಟ್ಟೆಯ ಮೇಲೆ ಕೂತ ಮಗು ಮತ್ತೆ ಹೊರಗೇ ಉಳಿಯುತ್ತದೆ.

1905ರಲ್ಲಿ ನಮ್ಮ ಪಕ್ಕದ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದಾಗ ಅವರ ಕೈಯಲ್ಲಿದ್ದದ್ದು ಊರವರ ಚಿಕ್ಕಚಿಕ್ಕ ಪಾಲು, ಒಬ್ಬರ ಮೇಲೊಬ್ಬರ ನಂಬಿಗೆ. ದೇವರಗುಡ್ಡದ ನಮಗೆ ಇದು ಹೊಸ ಪಾಠವೇನಲ್ಲ. ದಸರಾದಲ್ಲಿ ಮಾಲತೇಶಸ್ವಾಮಿಯ ಕಾರಣಿಕ ಕೇಳಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಅವರಿಗೆ ನೀರು, ನೆರಳು ನೋಡಿಕೊಳ್ಳುವುದನ್ನು ಸೇವೆ ಎಂದು ತಿಳಿದವರು ನಾವು. ಆ ಸೇವೆಯಲ್ಲಿ ಒಂದು ದಿನ ಶಾಲೆಗೂ ಕೊಡೋಣ.

ಆದ್ದರಿಂದ ಈ ಬೆಳ್ಳಿ ಹಬ್ಬದ ನೆನಪಿಗೆ ಸಂಘದ ಮುಂದೆ ಮೂರು ಸಲಹೆ ಇಡುತ್ತೇವೆ. ಮೊದಲನೆಯದು, ಪ್ರತಿ ವರ್ಷ ಶಾಲೆ ಆರಂಭವಾಗುವುದಕ್ಕೆ ಮುಂಚಿನ ವಾರದಲ್ಲಿ ಒಂದು ದಿನ ಮನೆಗೊಂದು ಆಳು ಶಾಲೆಗೆ ಬರುವುದು: ಮಾಡಿನ ಮೇಲಿನ ಕಸ ತೆಗೆಯುವುದು, ನೀರಿನ ಕೊಳವೆ ಬಿಡಿಸುವುದು, ಟಾಕಿ ತೊಳೆಯುವುದು, ಸುಣ್ಣ ಹಚ್ಚುವುದು. ಎರಡನೆಯದು, ಬಂದವರ ಹೆಸರು ಬರೆಯಲು ಒಂದು ಪುಸ್ತಕ ಇಡುವುದು, ಅದರಲ್ಲಿ ದುಡ್ಡು ಕೊಟ್ಟವರನ್ನೂ ಒಂದು ಬುಟ್ಟಿ ಮಣ್ಣು ಹೊತ್ತವರನ್ನೂ ಒಂದೇ ಸಾಲಿನಲ್ಲಿ ಬರೆಯುವುದು. ಮೂರನೆಯದು, ಸಂಘದ ವಾರ್ಷಿಕ ಸರ್ವಸಾಧಾರಣ ಸಭೆಯಲ್ಲಿ ಶಾಲೆಯ ಸ್ಥಿತಿಯ ಬಗ್ಗೆ ಹತ್ತು ನಿಮಿಷ ಮಾತಾಡುವುದು.

ಇವು ದೊಡ್ಡ ಖರ್ಚಿನ ಕೆಲಸಗಳಲ್ಲ. ಹನಿಹನಿ ಕೂಡಿದರೆ ಹಳ್ಳ, ತೆನೆತೆನೆ ಕೂಡಿದರೆ ಬಳ್ಳ ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ. ಸದಸ್ಯ ಬಾಂಧವರು ಈ ಸಲಹೆಗಳನ್ನು ಮುಂದಿನ ಸಭೆಯಲ್ಲಿ ಚರ್ಚಿಸಿ, ಸರಿ ಕಂಡರೆ ಠರಾವು ಮಾಡಬೇಕೆಂದು ವಿನಂತಿಸಿ, ಸಂಘವೂ ಶಾಲೆಯೂ ಸುವರ್ಣ ಮಹೋತ್ಸವ ಕಾಣಲಿ ಎಂದು ಮಾಲತೇಶಸ್ವಾಮಿಯಲ್ಲಿ ಬೇಡಿಕೊಂಡು ಈ ಲೇಖನ ಮುಗಿಸುತ್ತೇವೆ.